ಗುಳೆ ಬಂದವನ ಗುಳಿಗೆ

ರಾಜ್ಯದಲ್ಲಿ ಎಚ್‌ಐವಿ ತಡೆಯ ಕೆಲಸ ನೋಡಿಕೊಳ್ಳುವ ಹಿರಿಯ ಅಧಿಕಾರಿಗಳೇ, ನಮಸ್ಕಾರ.

ನಾನು ರಾಯಚೂರು ಜಿಲ್ಲೆಯ ಲಿಂಗಸುಗೂರು ಕಡೆಯವನು. ಬೆಂಗಳೂರಿಗೆ ಬಂದು 14 ವರ್ಷ ಆಯಿತು. ಮೊದಲು ಕಟ್ಟಡದ ಕೆಲಸ, ಆಮೇಲೆ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ, ಈಗ ಪೀಣ್ಯದ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸ. ನಾನು ಗಂಡಸರನ್ನು ಇಷ್ಟಪಡುವ ಗಂಡಸು. ಹೆಸರು ಹಾಕುತ್ತಿಲ್ಲ. ಊರಲ್ಲಿ ಅವ್ವ ಇದ್ದಾಳೆ, ಇಲ್ಲಿ ಮನೆ ಓನರ್ ಇದ್ದಾರೆ, ಅಷ್ಟೇ ಕಾರಣ. ಬೇರೆ ನಾಚಿಕೆ ಏನಿಲ್ಲ. ಎಚ್‌ಐವಿ ಬರದ ಹಾಗೆ ಮೊದಲೇ ನುಂಗುವ ಒಂದು ಗುಳಿಗೆ ಇದೆ, ಅದು ನಮ್ಮಂಥವರ ಕೈಗೆ ಸಿಗುತ್ತಿಲ್ಲ, ಅದನ್ನು ಕೇಳೋಕೆ ಈ ಪತ್ರ.

ಶೆಡ್ಡಿನಲ್ಲಿದ್ದ ಮೊದಲ ವರ್ಷದ ಒಂದು ಸಂಜೆಯಿಂದ ಶುರು ಮಾಡುತ್ತೇನೆ. ವೈಟ್‌ಫೀಲ್ಡ್ ಹತ್ತಿರ ಕೆಲಸ ನಡೆಯುತ್ತಿತ್ತು. ತಗಡಿನ ಶೆಡ್, ಒಂದೊಂದರಲ್ಲಿ ಎಂಟು ಜನ. ಒಂದು ಸಂಸ್ಥೆಯವರು ಏಡ್ಸ್ ಬಗ್ಗೆ ಹೇಳೋಕೆ ಬಂದರು. ಮೇಸ್ತ್ರಿ ಎಲ್ಲರನ್ನೂ ಕೂರಿಸಿದ. ಅಕ್ಕ ಒಬ್ಬರು ಚಿತ್ರದ ಹಾಳೆ ಒಂದೊಂದೇ ತಿರುವುತ್ತಾ ಹೋದರು. ಗಂಡಸು ಊರು ಬಿಡುತ್ತಾನೆ, ಪಟ್ಟಣದಲ್ಲಿ ಒಬ್ಬ ಹೆಂಗಸಿನ ಹತ್ತಿರ ಹೋಗುತ್ತಾನೆ, ನಿರೋಧ್ ಹಾಕಿಕೊಳ್ಳುವುದಿಲ್ಲ, ಹಬ್ಬಕ್ಕೆ ಊರಿಗೆ ಹೋಗಿ ಹೆಂಡತಿಗೂ ಹಚ್ಚುತ್ತಾನೆ. ಚೆನ್ನಾಗೇ ಹೇಳಿದರು, ಸುಳ್ಳೇನೂ ಹೇಳಲಿಲ್ಲ. ಆದರೆ ಅಷ್ಟೂ ಹಾಳೆಗಳಲ್ಲಿ ಎಲ್ಲೂ ಇಬ್ಬರು ಗಂಡಸರು ಇರಲಿಲ್ಲ.

ಅವತ್ತು ರಾತ್ರಿ ನನ್ನ ಪಕ್ಕ ಮಲಗುತ್ತಿದ್ದ ಸಿಂಧನೂರು ಕಡೆಯವನು ಪಿಸುಗುಟ್ಟಿದ: "ನೋಡಿದ್ಯಾ? ಅದು ಹೆಣ್ಮಕ್ಕಳ ಕಡೆ ಹೋಗೋರಿಗೆ ಬರೋ ರೋಗ. ನಾವು ಅಂಥಾದ್ದೇನ್ ಮಾಡೀವಿ?" ನಾನೂ ನಂಬಿದೆ. ಹತ್ತನೇ ಕ್ಲಾಸ್ ಪಾಸಾಗಿದ್ದ ನಾನೇ ನಂಬಿದೆ. ಕೆಲವು ವರ್ಷ ಆದಮೇಲೆ ಅವನ ಹೆಂಡತಿ ಬಸುರಿ ಆದಳು, ಆಸ್ಪತ್ರೆಯಲ್ಲಿ ಎಲ್ಲ ಬಸುರಿಯರಿಗೂ ಮಾಡುವ ಹಾಗೆ ರಕ್ತ ಪರೀಕ್ಷೆ ಮಾಡಿದರು, ಗಂಡನಿಗೂ ಅಲ್ಲೇ ಗೊತ್ತಾಗಿದ್ದು. ಈಗ ಇಬ್ಬರೂ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಚೆನ್ನಾಗಿದ್ದಾರೆ, ಮಗುವಿಗೆ ಸೋಂಕು ತಗುಲಲಿಲ್ಲ. ಅದಕ್ಕೆ ನಿಮ್ಮ ವ್ಯವಸ್ಥೆಗೆ ಕೈಮುಗಿಯುತ್ತೇನೆ. 2004ರಿಂದ ಆ ಔಷಧಿ ಉಚಿತವಾಗಿ ಕೊಡುತ್ತಿದ್ದೀರಿ, ಅದು ಸಣ್ಣ ಮಾತಲ್ಲ. ಆದರೆ ಬಂದಮೇಲೆ ಅಷ್ಟು ಚೆನ್ನಾಗಿ ನೋಡಿಕೊಳ್ಳುವ ನೀವು, ಬರುವ ಮುಂಚೆ ಅವನನ್ನು ಯಾಕೆ ನೋಡಲೇ ಇಲ್ಲ?

ಯಾಕೆ ಅಂದರೆ ನಿಮ್ಮ ಹತ್ತಿರ ಎರಡು ಪುಸ್ತಕ ಇವೆ. ಒಂದರ ಮೇಲೆ "ವಲಸಿಗರು" ಅಂತ ಬರೆದಿದೆ. ಇನ್ನೊಂದರ ಮೇಲೆ "ಎಂಎಸ್‌ಎಂ" ಅಂತ, ಅಂದರೆ ಗಂಡಸರ ಜೊತೆ ಸಂಬಂಧ ಇರುವ ಗಂಡಸರು. ವಲಸಿಗರ ಪುಸ್ತಕದಲ್ಲಿರುವವನು ಹೆಂಗಸರ ಹತ್ತಿರ ಹೋಗುವವನು ಅಂತ ಮೊದಲೇ ತೀರ್ಮಾನ ಆಗಿದೆ. ನಮ್ಮನ್ನು, ಲಾರಿ ಡ್ರೈವರ್‌ಗಳನ್ನು ನಿಮ್ಮ ಭಾಷೆಯಲ್ಲಿ "ಸೇತುವೆ" ಗುಂಪು ಅಂತ ಕರೆಯುತ್ತೀರಿ. ಸೋಂಕು ನಮ್ಮ ಮೇಲೆ ಹಾಯ್ದು ಊರಿಗೆ ಹೋಗುತ್ತದೆ ಅಂತ. ಸರಿ, ಸೇತುವೆನೇ ಇರಲಿ. ದಾಟಿ ಹೋಗುವುದರ ಚಿಂತೆ ಎಲ್ಲರಿಗೂ ಇದೆ, ಸೇತುವೆ ಬಿರುಕು ಬಿಟ್ಟಿದೆಯಾ ಅಂತ ಮಾತ್ರ ಯಾರೂ ಬಗ್ಗಿ ನೋಡುವುದಿಲ್ಲ.

ಎಂಎಸ್‌ಎಂ ಪುಸ್ತಕದ ಕೆಲಸ ನಾನು ಹತ್ತಿರದಿಂದ ನೋಡಿದ್ದೇನೆ, ಅದಕ್ಕೆ ಗೌರವ ಇದೆ. ಬೆಂಗಳೂರಿನಲ್ಲಿ ನಮ್ಮಂಥವರ ಹಕ್ಕಿಗಾಗಿ ದುಡಿಯುವ ಸಂಗಮ ಸಂಸ್ಥೆ 1999ರಿಂದ ಇದೆ, ಎಚ್‌ಐವಿ ತಡೆಯೋಕೆ 2003ರಲ್ಲಿ ಶುರುವಾದ ಆವಾಹನ್ ಯೋಜನೆ ನಮ್ಮ ಉತ್ತರದ ಜಿಲ್ಲೆಗಳವರೆಗೂ ಬಂದಿತ್ತು. ಪೀರ್‌ಗಳು, ಅಂದರೆ ನಮ್ಮವರೇ ಆದ ಕಾರ್ಯಕರ್ತರು, ರಾತ್ರಿ ಹೊತ್ತು ಪಾರ್ಕು, ಬಸ್ ಸ್ಟ್ಯಾಂಡು ಸುತ್ತಿ ನಿರೋಧ್ ಹಂಚಿದ್ದಾರೆ, ಪೊಲೀಸರ ಏಟು ತಿಂದಿದ್ದಾರೆ. ಅವರು ಉಳಿಸಿದ ಜೀವಗಳ ಲೆಕ್ಕ ಯಾರ ಹತ್ತಿರ ಇದೆ? ಆದರೆ ಅವರ ಕಣ್ಣಿಗೆ ಬೀಳುವವರು ಆ ಪಾರ್ಕು, ಬಸ್ ಸ್ಟ್ಯಾಂಡಿನಂಥ ಜಾಗಗಳಿಗೆ ಬರುವವರು. ಕೋತಿ ಅಂತ ತಮ್ಮನ್ನು ತಾವೇ ಕರೆದುಕೊಳ್ಳುವವರು, ಅಂದರೆ ಹೆಣ್ಣಿನ ಹಾವಭಾವ ಇರುವ ಗಂಡಸರು, ಡ್ರಾಪ್ ಇನ್ ಸೆಂಟರಿಗೆ ಹೋಗಿ ಕೂತು ನಾಲ್ಕು ಮಾತಾಡುವವರು. ಪಂತಿಗಳು (ನೋಡೋಕೆ ಎಲ್ಲ ಗಂಡಸರ ಹಾಗೇ ಇರುವವರು), ಡಬಲ್ ಡೆಕ್ಕರ್‌ಗಳು (ಎರಡೂ ಪಾತ್ರಕ್ಕೆ ಒಪ್ಪುವವರು), "ನಾನು ಅಂಥವನಲ್ಲ, ಸುಮ್ನೆ ಒಂದೊಂದು ಸಲ" ಅನ್ನುವವರು ಅಲ್ಲಿಗೆ ಕಾಲಿಡುವುದಿಲ್ಲ. ಈಗಂತೂ ಎಲ್ಲ ಫೋನಿನಲ್ಲೇ. ಗಂಡಸರು ಗಂಡಸರನ್ನು ಹುಡುಕುವ ಗ್ರೈಂಡರ್ ಅನ್ನುವ ಆ್ಯಪ್‌ನಲ್ಲಿ ಮುಖ ಇಲ್ಲದ ಫೋಟೋ, 400 ಮೀಟರ್ ದೂರ, ಮುಂದಿನ ಬೀದಿ. ಕೆಲವರಿಗೆ ಕರೆಸಿ ಹೊಡೆದು ದುಡ್ಡು ಕಿತ್ತುಕೊಂಡವರ ಭಯ ಬೇರೆ, ಅದು ಇನ್ನೊಂದು ಪತ್ರಕ್ಕೆ ಆಗುವಷ್ಟಿದೆ.

ಈ ವಿಷಯ ಅಷ್ಟು ದೊಡ್ಡದಾ ಅಂತ ಕೇಳಬಹುದು. 2021ರ ಲೆಕ್ಕ ನಿಮ್ಮದೇ. ದೇಶದ ವಯಸ್ಕರಲ್ಲಿ ಎಚ್‌ಐವಿ ಇರುವವರು ಶೇಕಡಾ 0.2ರ ಆಸುಪಾಸು. ಗಂಡಸರ ಜೊತೆ ಸಂಬಂಧ ಇರುವ ಗಂಡಸರಲ್ಲಿ ಶೇಕಡಾ 3ಕ್ಕಿಂತ ಜಾಸ್ತಿ. ಹದಿನೈದು ಪಟ್ಟು ಆಯ್ತಲ್ವಾ? ಅದೂ ಸಿಕ್ಕವರನ್ನು ಎಣಿಸಿದ್ದು.

ಈಗ ಗುಳಿಗೆ ವಿಷಯಕ್ಕೆ ಬರುತ್ತೇನೆ, ಈ ಪತ್ರ ಬರೆಯುತ್ತಿರುವುದೇ ಅದಕ್ಕೆ.

ನಾನು ಮೂರು ವರ್ಷದಿಂದ ಪ್ರೆಪ್ ತೆಗೆದುಕೊಳ್ಳುತ್ತಿದ್ದೇನೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಟೆನೊಫೊವಿರ್, ಎಮ್‌ಟ್ರಿಸಿಟಾಬಿನ್ ಅಂತ ಎರಡು ಔಷಧಿ ಒಂದೇ ಮಾತ್ರೆಯಲ್ಲಿ ಇರುತ್ತವೆ. ಎಚ್‌ಐವಿ ಇಲ್ಲದವನು ಮೊದಲೇ ತೆಗೆದುಕೊಂಡರೆ, ವೈರಸ್ ಮೈಯೊಳಗೆ ಬಂದರೂ ತನ್ನ ನಕಲು ಮಾಡಿಕೊಂಡು ಬೇರೂರೋಕೆ ಆಗುವುದಿಲ್ಲ. ತಪ್ಪಿಸದೆ ತೆಗೆದುಕೊಂಡರೆ ನೂರಕ್ಕೆ ತೊಂಬತ್ತೊಂಬತ್ತರಷ್ಟು ರಕ್ಷಣೆ. ದಿನಾ ನುಂಗುವುದು ಕಷ್ಟ ಅನ್ನುವ ಗಂಡಸರಿಗೆ ಇನ್ನೊಂದು ದಾರಿ ಇದೆ, ಎರಡು-ಒಂದು-ಒಂದು ಅನ್ನುತ್ತಾರೆ. ಸೇರುವುದಕ್ಕೆ 2ರಿಂದ 24 ಗಂಟೆ ಮುಂಚೆ ಎರಡು ಮಾತ್ರೆ, ಆ ಎರಡು ನುಂಗಿದ 24 ಗಂಟೆಗೆ ಒಂದು, ಮತ್ತೆ 24 ಗಂಟೆಗೆ ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಇದನ್ನು ಒಪ್ಪಿದೆ. ವಾರಕ್ಕೊಂದೇ ರಜೆ ಇರುವವನಿಗೆ, ತಿಂಗಳಿಗೆ ಒಂದೋ ಎರಡೋ ಸಲ ಯಾರನ್ನಾದರೂ ಸೇರುವವನಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಶನಿವಾರ ರಾತ್ರಿಯಿಂದ ಸೋಮವಾರ ರಾತ್ರಿವರೆಗೆ ನಾಲ್ಕೇ ಮಾತ್ರೆ. ಹೆಪಟೈಟಿಸ್ ಬಿ ಇದ್ದವರಿಗೆ ಈ ಬಿಟ್ಟು ಬಿಟ್ಟು ತೆಗೆದುಕೊಳ್ಳುವ ಲೆಕ್ಕ ಆಗುವುದಿಲ್ಲ, ಕಿಡ್ನಿ ಪರೀಕ್ಷೆ ಬೇಕು, ಮೂರು ತಿಂಗಳಿಗೊಮ್ಮೆ ಎಚ್‌ಐವಿ ಪರೀಕ್ಷೆ ಬೇಕು, ಸಿಫಿಲಿಸ್ ಗೊನೊರಿಯಾ ಇದರಿಂದ ನಿಲ್ಲುವುದಿಲ್ಲ. ಹಾಗಾಗಿ ನಿರೋಧ್‌ಗೆ ಈಗಲೂ ಕೆಲಸ ಇದೆ. ನಾನು ನಿರೋಧ್ ವಿರೋಧಿ ಅಲ್ಲ ಸ್ವಾಮಿ. ಆದರೆ ನಿರೋಧ್ ಹಾಕಿಕೊಳ್ಳುವುದು ಒಬ್ಬನ ಕೈಯಲ್ಲಿ ಇಲ್ಲ, ಇನ್ನೊಬ್ಬನೂ ಒಪ್ಪಬೇಕು. ರೂಮು ಅವನದು, ವಯಸ್ಸಿನಲ್ಲಿ ಅವನು ದೊಡ್ಡವನು, ಅವನೇ ನಿಮ್ಮ ಸೂಪರ್‌ವೈಸರ್ ಆಗಿದ್ದರಂತೂ ಕೇಳೋದೇ ಬೇಡ. ಗುಳಿಗೆ ನುಂಗೋಕೆ ಯಾರ ಅಪ್ಪಣೆಯೂ ಬೇಡ.

ಇದನ್ನು ನಮ್ಮ ದೇಶದಲ್ಲೇ ತಯಾರಿಸುತ್ತಾರೆ. ದೇಶದ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋದವರೇ 2022ರಲ್ಲಿ ಪ್ರೆಪ್ ಬಗ್ಗೆ ಮಾರ್ಗಸೂಚಿ ಹೊರಡಿಸಿದ್ದಾರೆ. ಆದರೆ ನಾನು ಹೋಗಿ ಕೇಳಿದ ಯಾವ ಸರ್ಕಾರಿ ಕೇಂದ್ರದಲ್ಲೂ ನಿರೋಧ್ ಸಿಕ್ಕ ಹಾಗೆ ಇದು ಸಿಗಲಿಲ್ಲ. ಒಂದು ಕಡೆ ಕೌನ್ಸೆಲರ್‌ಗೆ ಹೆಸರು ಗೊತ್ತಿತ್ತು, "ಹೊರಗೆ ತಗೊಳಿ" ಅಂದರು. ಇನ್ನೊಂದು ಕಡೆ "ಪಾಸಿಟಿವ್ ಬಂದಿಲ್ವಲ್ಲ, ಮತ್ತೆ ಯಾಕೆ ಮಾತ್ರೆ?" ಅಂತ ನನ್ನನ್ನೇ ಕೇಳಿದರು. ಹೊರಗೆ ಅಂದರೆ ಖಾಸಗಿ ಡಾಕ್ಟರ ಫೀಸು, ಪರೀಕ್ಷೆಗಳು, ಆಮೇಲೆ 30 ಮಾತ್ರೆಯ ಡಬ್ಬಿಗೆ ಸಾವಿರದ ಮೇಲೆ. ನನಗೆ ಈಗ ಆಗುತ್ತದೆ, ಸಂಬಳ ಬ್ಯಾಂಕಿಗೆ ಬರುತ್ತದೆ. ವಾರದ ಬಟವಾಡೆಯಲ್ಲಿ ಊರಿಗೆ ಕಳಿಸಿ ಉಳಿದಿದ್ದರಲ್ಲಿ ಬದುಕುವವನಿಗೆ ಆಗುವುದಿಲ್ಲ.

ನನ್ನ ಪರಿಚಯದ ದಾವಣಗೆರೆ ಹುಡುಗ ಒಬ್ಬ ಮೆಲ್ಬರ್ನ್‌ನಲ್ಲಿ ಓದುತ್ತಿದ್ದ. ಆಸ್ಟ್ರೇಲಿಯಾ ಸರ್ಕಾರ 2018ರ ಏಪ್ರಿಲ್‌ನಿಂದ ಪ್ರೆಪ್ ಅನ್ನು ಸಬ್ಸಿಡಿಗೆ ಸೇರಿಸಿತು, ಆದರೆ ಮೆಡಿಕೇರ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ, ಇಲ್ಲದ ಹೊರದೇಶದ ವಿದ್ಯಾರ್ಥಿಗಳಿಗೆ ಅದು ಸಿಗಲಿಲ್ಲ. ಅವನು ಏನು ಮಾಡಿದ ಗೊತ್ತಾ? ಇಂಡಿಯಾದಲ್ಲಿ ತಯಾರಾದ ಮಾತ್ರೆಯನ್ನೇ ಆನ್‌ಲೈನಲ್ಲಿ ತರಿಸಿಕೊಂಡ. ಅಲ್ಲಿನ ಲೆಕ್ಕ ನೋಡಿದರೆ ಪಾಠ ಸಿಗುತ್ತದೆ. ಸಿಡ್ನಿಯ ಒಳಭಾಗದಲ್ಲಿ 2010ರಿಂದ 2022ರೊಳಗೆ ಗಂಡಸರ ಜೊತೆ ಸಂಬಂಧ ಇರುವ ಗಂಡಸರಲ್ಲಿ ಹೊಸ ಎಚ್‌ಐವಿ ಪ್ರಕರಣ ಶೇಕಡಾ 88ರಷ್ಟು ಇಳಿದವು, ಆದರೆ ಹೊರದೇಶದಲ್ಲಿ ಹುಟ್ಟಿ ಅಲ್ಲಿಗೆ ಬಂದವರಲ್ಲಿ ಇಳಿಕೆ ಅಷ್ಟು ಜೋರಾಗಿ ಆಗಲಿಲ್ಲ. ಕೊನೆಗೆ 2024ರಲ್ಲಿ ಅಲ್ಲಿನ ಸರ್ಕಾರ ಮೆಡಿಕೇರ್ ಇಲ್ಲದವರಿಗೂ ಪ್ರೆಪ್ ಕೊಡುತ್ತೇವೆ ಅಂತ ದುಡ್ಡು ತೆಗೆದಿಟ್ಟಿತು. ಅಷ್ಟು ಶ್ರೀಮಂತ ದೇಶದಲ್ಲೂ ಹೊರಗಿನಿಂದ ಬಂದವನೇ ಕೈತಪ್ಪಿ ಹೋಗುವವನು. ಅವನಿಗೆ ವೀಸಾ ಅಡ್ಡ ಬಂತು. ನಮಗೆ ಯಾವ ವೀಸಾ ಇದೆ? ಯಾದಗಿರಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಇದೇ ರಾಜ್ಯದ ರಾಜಧಾನಿಯಲ್ಲಿ ಇಳಿದವರು ನಾವು.

ಗುಳಿಗೆ ಉಚಿತವಾಗಿ ಕೊಟ್ಟುಬಿಟ್ಟರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ಶೆಡ್ಡಿನಲ್ಲಿ ಒಂದು ಡಬ್ಬಿ ಎಲ್ಲಿ ಬಚ್ಚಿಡುತ್ತೀರಿ, ಹೇಳಿ? ಎಂಟು ಜನರ ನಡುವೆ ಒಬ್ಬೊಬ್ಬನಿಗೆ ಒಂದು ಟ್ರಂಕು, ಒಂದು ಮೊಳೆ, ಮೊಳೆಗೆ ಒಂದು ಚೀಲ. ನನಗೆ ಗೊತ್ತಿರುವ ಹುಡುಗ ಒಬ್ಬ ಗುಳಿಗೆ ತಗೋತಿದ್ದ. ಅವನ ಚಿಕ್ಕಪ್ಪನ ಮಗ ಅದೇ ರೂಮಲ್ಲಿದ್ದ. ಬೀಡಿಗೆ ಬೆಂಕಿಪೊಟ್ಟಣ ಹುಡುಕುತ್ತಾ ಡಬ್ಬಿ ಸಿಕ್ಕಿತು, ಮೇಲಿನ ಹೆಸರನ್ನು ಫೋನಿನಲ್ಲಿ ಹಾಕಿ ನೋಡಿದ, ಎಚ್‌ಐವಿ ಔಷಧಿ ಅಂತ ಬಂತು. ಒಂದು ವಾರದೊಳಗೆ ಸುದ್ದಿ ಊರು ಮುಟ್ಟಿತು. ಇಲ್ಲದ ರೋಗ ಇದೆ ಅಂತಾಯಿತು. ರೋಗ ಬರದಿರಲಿ ಅಂತ ನುಂಗಿದ ಗುಳಿಗೆಯಿಂದಲೇ ರೋಗಿ ಅನ್ನಿಸಿಕೊಂಡ. ಅವನು ಗುಳಿಗೆ ಬಿಟ್ಟ, ರೂಮೂ ಬಿಟ್ಟ, ಈಗ ಪುಣೆಯಲ್ಲಿದ್ದಾನೆ. ಇಂಥವನಿಗೆ "ದಿನಾ ತಗೋ ಅಂದ್ರೆ ಕೇಳಲ್ಲ, ಶಿಸ್ತಿಲ್ಲ" ಅಂತ ಹೇಳುವುದು ಸುಲಭ.

ಅದಕ್ಕೇ ಬಿಡಿ ಮಾತ್ರೆಗಳನ್ನು ಬಿಳಿ ಲಕೋಟೆಯಲ್ಲಿ ಕೊಡುವಷ್ಟು ಸಣ್ಣ ವಿಷಯವನ್ನೂ ಯಾರಾದರೂ ಯೋಚಿಸಬೇಕು. ಆರು ತಿಂಗಳಿಗೊಂದು ಇಂಜೆಕ್ಷನ್ ಬಂದಿದೆ, ಲೆನಾಕಪವಿರ್ ಅಂತ. ಅಮೆರಿಕದಲ್ಲಿ 2025ರ ಜೂನ್‌ನಲ್ಲಿ ಒಪ್ಪಿಗೆ ಸಿಕ್ಕಿತು, ಮುಂದಿನ ತಿಂಗಳೇ ವಿಶ್ವ ಆರೋಗ್ಯ ಸಂಸ್ಥೆಯೂ ಕೊಡಬಹುದು ಅಂದಿತು. ಗಂಡಸರ ಜೊತೆ ಸಂಬಂಧ ಇರುವ ಗಂಡಸರು ಮತ್ತು ಟ್ರಾನ್ಸ್‌ಜೆಂಡರ್ ಜನರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ, ಇಂಜೆಕ್ಷನ್ ತೆಗೆದುಕೊಂಡ ಎರಡು ಸಾವಿರಕ್ಕೂ ಜಾಸ್ತಿ ಜನರಲ್ಲಿ ಇಬ್ಬರಿಗೆ ಮಾತ್ರ ಸೋಂಕು ತಗುಲಿತು. ವರ್ಷಕ್ಕೆ 40 ಡಾಲರ್ ಬೆಲೆಯಲ್ಲಿ 2027ರಿಂದ ಮಾಡಿಕೊಡುತ್ತೇವೆ ಅಂದಿರುವ ಎರಡು ಕಂಪನಿಗಳೂ, ಡಾ. ರೆಡ್ಡೀಸ್ ಮತ್ತು ಹೆಟೆರೊ, ಹೈದರಾಬಾದಿನವು. ರಾಯಚೂರಿನಲ್ಲಿ ಬೆಳಗ್ಗೆ ಬಸ್ ಹತ್ತಿದರೆ ಮಧ್ಯಾಹ್ನ ಊಟದ ಹೊತ್ತಿಗೆ ಆ ಊರು. ಇಂಜೆಕ್ಷನ್‌ಗೆ ಡಬ್ಬಿ ಇಲ್ಲ, ಬಚ್ಚಿಡುವ ಕಷ್ಟ ಇಲ್ಲ, ದೀಪಾವಳಿಗೆ ಒಂದು, ಬಸವ ಜಯಂತಿಗೆ ಒಂದು. ಅದು ಬಂದಾಗ ಮೊದಲ ಸಾಲಿನಲ್ಲಿ ಯಾರನ್ನು ನಿಲ್ಲಿಸುತ್ತೀರಿ ಅನ್ನುವುದನ್ನು ಈಗಲೇ ಕೂತು ಮಾತಾಡಿ. ಕಾರಿನಲ್ಲಿ ಬಂದು ಖಾಸಗಿ ಕ್ಲಿನಿಕ್ಕಿನಲ್ಲಿ ಕೇಳುವವರಿಗೆ ಅದು ಹೇಗಿದ್ದರೂ ಸಿಗುತ್ತದೆ.

ಇನ್ನು ಪೆಪ್ ಕಥೆ. ಅಪಾಯ ಆದಮೇಲೆ 72 ಗಂಟೆಯೊಳಗೆ ಶುರು ಮಾಡಿ 28 ದಿನ ತೆಗೆದುಕೊಳ್ಳುವ ಔಷಧಿ, ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. ನನ್ನ ಗೆಳೆಯನಿಗೆ ಒಂದು ಶನಿವಾರ ರಾತ್ರಿ ನಿರೋಧ್ ಹರಿಯಿತು. ಭಾನುವಾರ ಬೆಳಗ್ಗೆ ಇಬ್ಬರೂ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು, ಯಾವುದು ಅಂತ ಹೇಳುವುದಿಲ್ಲ. ಭಾನುವಾರ ಕೌನ್ಸೆಲರ್ ಇಲ್ಲ, ನಾಳೆ ಬನ್ನಿ ಅಂದರು. ಸೋಮವಾರ ಅರ್ಧ ದಿನದ ಸಂಬಳ ಬಿಟ್ಟು ಹೋದ. ಆಸ್ಪತ್ರೆ ಕೆಲಸದಲ್ಲಿ ಸೂಜಿ ಚುಚ್ಚಿತಾ ಅಂತ ಕೇಳಿದರು, ಇಲ್ಲ ಅಂದ. ಯಾರಾದರೂ ಬಲವಂತ ಮಾಡಿದರಾ ಅಂದರು, ಇಲ್ಲ, ನಾನೇ ಇಷ್ಟಪಟ್ಟು ಹೋಗಿದ್ದು ಅಂದ. ಹಾಗಿದ್ದರೆ ಇಲ್ಲಿ ಕೊಡಲ್ಲ ಅಂದರು. ಜೊತೆಗೆ ಮದುವೆ ಆಗು ಅನ್ನುವ ಬುದ್ಧಿಮಾತು ಉಚಿತ. ಸಾಲ ಮಾಡಿ ಸೋಮವಾರ ರಾತ್ರಿ ಹೊರಗೆ ಕೊಂಡು ಮೊದಲ ಮಾತ್ರೆ ನುಂಗಿದ. ಅವನಿಗೆ ಏನೂ ಆಗಲಿಲ್ಲ, ಬಿಡಿ. ಅವನು ಸುಳ್ಳು ಹೇಳಿದ್ದರೆ ಉಚಿತವಾಗಿ ಸಿಗುತ್ತಿತ್ತೋ ಏನೋ ಅಂತ ನಾನು ಇವತ್ತಿಗೂ ಯೋಚಿಸುತ್ತೇನೆ. ನಿಜ ಹೇಳಿದ್ದಕ್ಕೆ ದಂಡ ತೆತ್ತ.

ಗಂಡಸರಿಬ್ಬರು ಸೇರುವುದನ್ನು ಅಪರಾಧ ಅನ್ನುತ್ತಿದ್ದ ಸೆಕ್ಷನ್ 377ರ ತೀರ್ಪು ಬಂದಿದ್ದು 2018ರ ಸೆಪ್ಟೆಂಬರ್ 6ಕ್ಕೆ. ಎಚ್‌ಐವಿ ಕಾಯ್ದೆ ಜಾರಿಗೆ ಬಂದಿದ್ದು ನಾಲ್ಕೇ ದಿನ ಕಳೆದು, ಸೆಪ್ಟೆಂಬರ್ 10ಕ್ಕೆ. ಆ ವಾರ ನಾನು ಸೆಕ್ಯೂರಿಟಿ ಕ್ಯಾಬಿನ್‌ನಲ್ಲಿ ಕೂತು ಫೋನಿನಲ್ಲಿ ಎರಡನ್ನೂ ಓದಿದ್ದೆ. ನಾನು ಅಪರಾಧಿ ಅಲ್ಲ ಅಂತ ಒಂದು ಹೇಳಿತು. ನನ್ನ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವ ಹಾಗಿಲ್ಲ, ಫಲಿತಾಂಶ ಊರಿಗೆಲ್ಲ ಹೇಳುವ ಹಾಗಿಲ್ಲ ಅಂತ ಇನ್ನೊಂದು ಹೇಳಿತು. ಕಾಗದ ಚೆನ್ನಾಗಿದೆ. ಕೌಂಟರಿನಲ್ಲಿ "ಮದುವೆ ಆಗಿದೆಯಾ, ಹೆಂಡತಿ ಜೊತೆ ಬನ್ನಿ" ಅಂತ ಜೋರಾಗಿ ಕೂಗುವವರಿಗೆ ಆ ಕಾಗದ ಯಾರಾದರೂ ತೋರಿಸಿದರೆ ಸಾಕು.

ಹೆಂಡತಿ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಬಹಳ ಜನಕ್ಕೆ ಮದುವೆ ಆಗುತ್ತದೆ. ಕೆಲವರಿಗೆ ಗಂಡಸರು, ಹೆಂಗಸರು ಇಬ್ಬರೂ ಇಷ್ಟ, ಕೆಲವರಿಗೆ ಮನೆಯವರ ಒತ್ತಾಯ. ಹೆಂಡತಿಗೆ ಮೋಸ ಅಲ್ವಾ ಅಂತ ಕೇಳಿದರೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ, ಒಂದೊಂದು ಸಲ ನನ್ನ ಗೆಳೆಯರ ಮೇಲೇ ಸಿಟ್ಟು ಬರುತ್ತದೆ. ಆದರೆ ಹಬ್ಬಕ್ಕೆ ಊರಿಗೆ ಹೋದವನು ಹೆಂಡತಿ ಮುಂದೆ ನಿರೋಧ್ ತೆಗೆದರೆ ಅವತ್ತೇ ಜಗಳ, ಹಾಗಾಗಿ ತೆಗೆಯುವುದಿಲ್ಲ. ಅವನು ಬೆಂಗಳೂರಿನಲ್ಲಿ ನುಂಗಿದ ಗುಳಿಗೆ ಅವಳನ್ನೂ ಕಾಯುತ್ತದೆ. ಅವನ ಮೇಲೆ ಕರುಣೆ ಇಲ್ಲದವರು ಅವಳ ಲೆಕ್ಕಕ್ಕಾದರೂ ಕೊಡಿ.

ನಾನು ಕೇಳುತ್ತಿರುವುದು ಹೊಸ ಕಟ್ಟಡ ಅಲ್ಲ. ಸಂಪೂರ್ಣ ಸುರಕ್ಷಾ ಕೇಂದ್ರ ಅಂತ ನಿಮ್ಮದೇ ಯೋಜನೆ ಇದೆ, ಯಾವ ಗುಂಪಿಗೂ ಸೇರದ ಆದರೆ ಅಪಾಯದಲ್ಲಿರುವ ಜನರಿಗೆ ಅಂತಲೇ ಮಾಡಿದ್ದು. ಒಳ್ಳೆಯ ಯೋಚನೆ. ಅಂಥ ಒಂದು ಕೇಂದ್ರ ಮೆಜೆಸ್ಟಿಕ್ ಹತ್ತಿರವೋ ಪೀಣ್ಯದಲ್ಲೋ ಭಾನುವಾರ ಮತ್ತು ರಾತ್ರಿ ಒಂಬತ್ತರವರೆಗೆ ತೆಗೆದಿರಲಿ, ಅಲ್ಲಿ ಪ್ರೆಪ್ ಇರಲಿ, ದಿನಾ ತಗೊಳ್ಳುವವನಿಗೆ ದಿನದ್ದು, ರಜೆಗೆ ಮಾತ್ರ ಬೇಕಾದವನಿಗೆ ಅದು. ಊರಿಗೆ ಹೋಗುವವನಿಗೆ ಮೂರು ತಿಂಗಳದ್ದು ಒಟ್ಟಿಗೆ ಕೊಡಿ, ಇಲ್ಲವಾದರೆ ಅವನ ಚೀಟಿ ರಾಯಚೂರಿನಲ್ಲೂ ನಡೆಯುವ ಹಾಗೆ ಮಾಡಿ. ಆಧಾರ್‌ನಲ್ಲಿ ಊರಿನ ವಿಳಾಸ ಇದೆ ಅಂತ ವಾಪಸ್ ಕಳಿಸಬೇಡಿ. ಮತ್ತೆ ಆ ಚಿತ್ರದ ಹಾಳೆಗಳಿಗೆ ಒಂದೇ ಒಂದು ಹಾಳೆ ಸೇರಿಸಿ. ಇಬ್ಬರು ಗಂಡಸರ ಚಿತ್ರ. ಕೂತವರಲ್ಲಿ ನಾಲ್ಕು ಜನ ನಗುತ್ತಾರೆ, ನಗಲಿ, ಒಬ್ಬ ನಗದೆ ನೋಡುತ್ತಾನೆ.

ಹೋದ ವಾರ ದೇವದುರ್ಗದ ಹುಡುಗನೊಬ್ಬ ಪರಿಚಯ ಆದ. 23 ವರ್ಷ, ಸೆಂಟ್ರಿಂಗ್ ಕೆಲಸ, ಉಗಾದಿ ಆದಮೇಲೆ ಮದುವೆ ಅಂತೆ. ನಾನು ಗುಳಿಗೆ ವಿಷಯ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅಣ್ಣಾ, ಅಲ್ಲಿ ಹೋದ್ರ ಏನಂತ ಬರಸಬೇಕು? ಗುಳೆ ಬಂದೋನು ಅಂತನೋ, ಅದು ಅಂತನೋ?" ಅಂದ. ನನ್ನ ಡಬ್ಬಿಯಿಂದಲೇ ಕೊಡೋಣ ಅನ್ನಿಸಿತು. ಕೊಡುವ ಹಾಗಿಲ್ಲ, ರಕ್ತ ಪರೀಕ್ಷೆ ಆಗದೆ ಶುರು ಮಾಡಬಾರದು, ಮೊದಲೇ ಸೋಂಕು ಇದ್ದರೆ ಈ ಎರಡೇ ಔಷಧಿ ಸಾಲದೆ ವೈರಸ್ ಅದಕ್ಕೆ ಬಗ್ಗದ ಹಾಗೆ ಆಗಿಬಿಡುತ್ತದೆ. ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡು ಅಂತ ನಂಬರ್ ಕೊಟ್ಟಿದ್ದೇನೆ. ಬರುವ ಭಾನುವಾರ ಮೆಜೆಸ್ಟಿಕ್‌ನಲ್ಲಿ ಸಿಗುತ್ತಾನೆ, ಅವನಿಗೆ ರಜೆ ಅವತ್ತೊಂದೇ ದಿನ. ಎಲ್ಲಿಗೆ ಕರೆದುಕೊಂಡು ಹೋಗಲಿ, ಹೇಳಿ.

ಇತಿ,
ಲಿಂಗಸುಗೂರು ಕಡೆಯಿಂದ ಬಂದ, ಪೀಣ್ಯದಲ್ಲಿರುವ ಒಬ್ಬ